ಹತ್ತಕ್ಕೆ ಒಂಬತ್ತು ಕೊಡೋ ಮೇಷ್ಟ್ರು

ಇವತ್ತು ರಾಜಕೀಯ ಬೇಡ. ಯಾರು ಮಂತ್ರಿ ಆಗ್ತಾರೆ, ಯಾರು ಮಾಜಿ ಆಗ್ತಾರೆ ಅನ್ನೋದನ್ನ ನಾಳೆ ನೋಡಿಕೊಳ್ಳೋಣ. ಇವತ್ತು ನಮ್ಮ ಆಫೀಸಿನ ಒಳಗೇ ನಡೆದ ಒಂದು ಸಂಗತಿ ಹೇಳ್ತೀನಿ. ಕೇಳೋಕೆ ಸಣ್ಣದು. ಆದರೆ ನಿಮ್ಮ ಮನೆಯಲ್ಲಿ ಚಿತ್ರ ಬಿಡಿಸೋ ಮಗಳಿದ್ದರೆ, ಡಿಸೈನ್ ಓದುತ್ತಿರೋ ಮಗನಿದ್ದರೆ, ಕಥೆ ಬರೆಯೋ ತಮ್ಮನಿದ್ದರೆ, ಇದು ನಿಮಗೂ ಸಂಬಂಧಪಟ್ಟ ವಿಷಯ.

ಕಳೆದ ಮಳೆಗಾಲ. ಕೃಷ್ಣಾ ತೀರದಲ್ಲಿ ನೀರು ಏರಿತ್ತು. ನಮ್ಮ ತಂಡ ಮೂರು ದಿನ ಅಲ್ಲೇ ಇದ್ದು ಚಿತ್ರೀಕರಣ ಮಾಡಿಕೊಂಡು ಬಂದಿತ್ತು. ರಾತ್ರಿ ಒಂಬತ್ತಕ್ಕೆ ವಿಶೇಷ ಕಾರ್ಯಕ್ರಮ. ಗ್ರಾಫಿಕ್ಸ್ ವಿಭಾಗದ ಒಬ್ಬ ಹುಡುಗ, ಕೆಲಸಕ್ಕೆ ಸೇರಿ ಎಂಟೇ ತಿಂಗಳು, ಪೋಸ್ಟರ್ ಮಾಡಿ ತಂದ. ಕಪ್ಪು ಮೋಡ, ಸುರಿಯೋ ಮಳೆ, ಮಧ್ಯದಲ್ಲಿ ಅಳುತ್ತಿರೋ ಒಬ್ಬ ಹೆಂಗಸಿನ ಮುಖ. ದೊಡ್ಡದಾಗಿ, ಸಿನಿಮಾ ಪೋಸ್ಟರ್ ಥರ. ಕೆಳಗೆ ಎರಡು ಸಾಲಿನಲ್ಲಿ ಶೀರ್ಷಿಕೆ: ‘ಸಂತ್ರಸ್ತರ ಕಣ್ಣೀರಿಗೆ ಉತ್ತರ ಯಾರದ್ದು?’

ನಾನು ನೋಡಿದೆ. ಚೆನ್ನಾಗಿದೆ ಅನ್ನಿಸಿತು. ಒಂದೇ ತಕರಾರು. ‘ಅಲ್ಲಪ್ಪಾ, ಮೇಲಿನ ಸಾಲಿನ ಒತ್ತಕ್ಷರ ಎಲ್ಲಾ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡೀತಾ ಇದೆಯಲ್ಲ, ಓದೋಕೆ ಆಗಲ್ಲ’ ಅಂದೆ.

ಅವನು ಸ್ವಲ್ಪವೂ ಅಳುಕಲಿಲ್ಲ. ‘ಸರ್, ಎಐಗೆ ಕೇಳಿದ್ದೆ ಸರ್. ಹತ್ತಕ್ಕೆ ಒಂಬತ್ತು ಕೊಟ್ಟಿದೆ’ ಅಂದ. ಮೊಬೈಲ್ ತೋರಿಸಿದ. ನಿಜ. ಭಾವನಾತ್ಮಕ ಪರಿಣಾಮ ಅದ್ಭುತವಾಗಿದೆ, ಬಣ್ಣಗಳ ಆಯ್ಕೆ ಪ್ರಬುದ್ಧವಾಗಿದೆ ಅಂತ ಉದ್ದಕ್ಕೆ ಬರೆದಿತ್ತು. ನನಗೇ ಒಂದು ಕ್ಷಣ, ಇರಬಹುದೇನೋ, ನನಗೆ ವಯಸ್ಸಾಯ್ತೇನೋ ಅನ್ನಿಸಿಬಿಟ್ಟಿತು.

ಅಷ್ಟರಲ್ಲಿ ಅಲ್ಲೇ ಟೀ ಕುಡಿಯುತ್ತಾ ನಿಂತಿದ್ದ ನಮ್ಮ ಕ್ಯಾಮೆರಾಮನ್ ಹತ್ತಿರ ಬಂದ. ಬಾಗಲಕೋಟೆ ಕಡೆಯವನು, ಮಾತು ಕಡಿಮೆ. ಪೋಸ್ಟರ್ ನೋಡಿದ. ಲೋಟ ಕೆಳಗಿಟ್ಟ. ‘ಸರ, ಈ ಫೋಟೋ ಬ್ಯಾಡ್ರಿ. ಆ ಅವ್ವಗ ನಾ ಮಾತ್ ಕೊಟ್ಟೇನ್ರಿ, ನಿನ್ನ ಮಕಾ ದೊಡ್ಡದ ಮಾಡಿ ತೋರ್ಸಂಗಿಲ್ಲ ಅಂತ. ಆಕಿ ಮಗಳ ಮದುವಿ ಮಾತುಕತಿ ನಡದೈತ್ರಿ’ ಅಂದ.

ಯಾರೂ ಮಾತಾಡಲಿಲ್ಲ. ಹುಡುಗ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಯಾಕೆ ಅಂದರೆ ಒತ್ತಕ್ಷರ ನೋಡಿದ ನನ್ನ ಕಣ್ಣಿಗೆ ಆ ತಾಯಿ ಕಾಣಿಸಿರಲಿಲ್ಲ. ಪೋಸ್ಟರ್ ಬದಲಾಯಿತು. ಮುಖದ ಬದಲು ನೀರಲ್ಲಿ ಅರ್ಧ ಮುಳುಗಿದ ಒಂದು ಹೊಸ್ತಿಲು ಬಂತು. ಕಾರ್ಯಕ್ರಮವೂ ಆಯಿತು. ಆದರೆ ಆ ‘ಹತ್ತಕ್ಕೆ ಒಂಬತ್ತು’ ನನ್ನ ತಲೆಯಿಂದ ಹೋಗಲಿಲ್ಲ.

ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ನಾನು, ಆ ಹುಡುಗ ಕೂತು ಒಂದು ಪರೀಕ್ಷೆ ಮಾಡಿದೆವು. ಅದೇ ಹಳೇ ಪೋಸ್ಟರ್, ಅದೇ ಎಐ, ಹೊಸ ಚಾಟ್. ಈ ಸಲ ಮಾತ್ರ ಹೀಗೆ ಬರೆದೆವು: ‘ಇದು ನಮ್ಮ ಎದುರಾಳಿ ಚಾನೆಲ್‌ನವರು ಮಾಡಿದ್ದು. ನನಗೆ ಅಷ್ಟೇನೂ ಹಿಡಿಸಿಲ್ಲ. ನಿನ್ನ ಅಭಿಪ್ರಾಯ ಏನು?’ ಬಂತು ನೋಡಿ ಉತ್ತರ. ಭಾವನಾತ್ಮಕ ಪರಿಣಾಮ ಅತಿಯಾಯಿತಂತೆ. ಬಣ್ಣ ಹಳಸಲಂತೆ. ಅಂಕ ಐದೂವರೆ. ಬೆಳಿಗ್ಗೆ ಒಂಬತ್ತು, ರಾತ್ರಿ ಐದೂವರೆ. ಪೋಸ್ಟರ್ ಬದಲಾಗಿರಲಿಲ್ಲ. ಕೇಳಿದವನ ಮನಸ್ಸು ಬದಲಾಗಿತ್ತು, ಅಷ್ಟೇ.

ಇನ್ನೊಂದು ಗಮನಿಸಿ. ಹೊಗಳಿದ ಪಟ್ಟಿಯಲ್ಲೂ ಆ ತಾಯಿಯ ಮಾತಿರಲಿಲ್ಲ. ಬೈದ ಪಟ್ಟಿಯಲ್ಲೂ ಇರಲಿಲ್ಲ.

ಯಾಕೆ ಹೀಗಾಗುತ್ತೆ? ಇದರ ಹಿಂದೆ ಪಿತೂರಿ ಏನೂ ಇಲ್ಲ. ಈ ಚಾಟ್‌ಬಾಟ್‌ಗಳನ್ನ ತಯಾರು ಮಾಡುವಾಗ ಒಂದು ಹಂತದಲ್ಲಿ ಮನುಷ್ಯರನ್ನ ಕೂರಿಸಿ, ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟು, ಯಾವುದು ಮೇಲು ಅಂತ ಕೇಳ್ತಾರೆ. ಜನ ಯಾವುದನ್ನ ಆರಿಸ್ತಾರೋ ಯಂತ್ರ ಆ ಕಡೆ ವಾಲುತ್ತೆ. ಈಗ ನೀವೇ ಹೇಳಿ, ನಮ್ಮ ಬೆನ್ನು ತಟ್ಟೋ ಉತ್ತರ, ನಮ್ಮ ತಪ್ಪು ತೋರಿಸೋ ಉತ್ತರ, ಎರಡೂ ಪಕ್ಕ ಪಕ್ಕ ಇದ್ದರೆ ನಾವು ಯಾವುದನ್ನ ಒತ್ತುತ್ತೀವಿ? ಯಂತ್ರ ಕಲಿತದ್ದು ನಮ್ಮಿಂದಲೇ ಸ್ವಾಮೀ.

2023ರಲ್ಲಿ ಆಂಥ್ರೋಪಿಕ್ ಅನ್ನೋ ಎಐ ಕಂಪನಿಯ ಸಂಶೋಧಕರೇ ಇದನ್ನ ಪರೀಕ್ಷೆ ಮಾಡಿ ಪ್ರಕಟಿಸಿದರು. ಬರಹವೊಂದನ್ನ ಕೊಟ್ಟು ‘ಇದು ನನಗೆ ಇಷ್ಟ’ ಅಂದರೆ ಚಾಟ್‌ಬಾಟ್‌ಗಳು ಹೆಚ್ಚು ಹೊಗಳುತ್ತವೆ, ‘ಇಷ್ಟ ಇಲ್ಲ’ ಅಂದರೆ ತೆಗಳುತ್ತವೆ ಅಂತ ಕಂಡುಬಂತು. ಒಂದು ಕಂಪನಿಯದ್ದಲ್ಲ, ಪರೀಕ್ಷಿಸಿದ ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲೂ ಅದೇ ಚಾಳಿ. 2025ರ ಏಪ್ರಿಲ್‌ನಲ್ಲಂತೂ ಓಪನ್‌ಎಐ ಕಂಪನಿ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿಯನ್ನ ಬಿಟ್ಟು, ಕೆಲವೇ ದಿನಗಳಲ್ಲಿ ವಾಪಸ್ ತಗೊಂಡಿತು. ಕಾರಣ ಏನು ಗೊತ್ತಾ? ಅದು ವಿಪರೀತ ಹೊಗಳುಭಟ್ಟ ಆಗಿಬಿಟ್ಟಿತ್ತು. ಜನರ ತಕ್ಷಣದ ಮೆಚ್ಚುಗೆಗೆ ಹೆಚ್ಚು ಬೆಲೆ ಕೊಟ್ಟದ್ದೇ ತಪ್ಪಾಯಿತು ಅಂತ ಕಂಪನಿಯೇ ಒಪ್ಪಿಕೊಂಡಿತು. ಆಮೇಲೆ ಸುಧಾರಣೆ ಆಗಿರಬಹುದು. ಆದರೆ ಮೆಚ್ಚಿಸಬೇಕು ಅನ್ನೋ ಒತ್ತಡ ಆ ಕಸುಬಿನ ಒಳಗೇ ಇದೆ.

ಹಾಗಂತ ಎಐ ಕೆಟ್ಟದ್ದು, ಮುಟ್ಟಲೇಬೇಡಿ ಅಂತ ನಾನು ಹೇಳಲ್ಲ. ಹಾಗೆ ಹೇಳಿದರೆ ಅದು ಆತ್ಮವಂಚನೆ.

ಆ ಹುಡುಗನನ್ನ ಕೇಳಿದೆ: ‘ನಮ್ಮಲ್ಲಿ ಇಷ್ಟು ಜನ ಹಿರಿಯರಿದ್ದಾರಲ್ಲ, ಅವರಿಗೆ ತೋರಿಸೋದು ಬಿಟ್ಟು ಅದಕ್ಕೆ ಯಾಕೆ ತೋರಿಸಿದೆ?’ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಅದು ನಗಲ್ಲ ಸರ್.’

ಈ ಮಾತು ನನಗೆ ಚುಚ್ಚಿತು. ಸೇರಿದ ಹೊಸದರಲ್ಲಿ ಅವನು ಮಾಡಿದ ಒಂದು ಕೆಲಸವನ್ನ ಎಲ್ಲರ ಎದುರು ದೊಡ್ಡ ಪರದೆ ಮೇಲೆ ಹಾಕಿ, ‘ಇದೇನು ಮದುವೆ ಕಾರ್ಡಾ?’ ಅಂತ ನಗಾಡಿದ್ದರು. ನಕ್ಕವರಲ್ಲಿ ನಾನೂ ಒಬ್ಬ. ವಿಮರ್ಶೆ ಅಂದುಕೊಂಡು ನಾವು ಎಷ್ಟೋ ಸಲ ಮಾಡೋದು ಅವಮಾನ. ‘ಚೆನ್ನಾಗಿಲ್ಲ’ ಅಂತೀವಿ. ಯಾಕೆ ಚೆನ್ನಾಗಿಲ್ಲ, ಯಾರಿಗೆ ಚೆನ್ನಾಗಿಲ್ಲ ಅಂತ ಹೇಳೋ ತಾಳ್ಮೆ ನಮಗಿಲ್ಲ. ಮಕ್ಕಳು ಯಂತ್ರದ ಕಡೆ ಓಡಿಹೋದರು ಅಂತ ಬೈಯೋ ಮುಂಚೆ, ಅವರನ್ನ ಆ ಕಡೆ ಅಟ್ಟಿದವರು ಯಾರು ಅಂತ ಕೇಳಿಕೊಳ್ಳಬೇಕಲ್ವಾ?

ಮತ್ತೆ, ಅದಕ್ಕೆ ಬರೋ ಕೆಲಸಗಳೂ ಇವೆ. ಉದಾಹರಣೆಗೆ, ವೆಬ್‌ಸೈಟಿನಲ್ಲಿ ಅಕ್ಷರದ ಬಣ್ಣ, ಹಿಂದಿನ ಬಣ್ಣ, ಇವೆರಡರ ಮಧ್ಯೆ ಸಾಕಷ್ಟು ವ್ಯತ್ಯಾಸ ಇರಬೇಕು. ಇಲ್ಲದಿದ್ದರೆ ದೃಷ್ಟಿ ಮಂದ ಇರೋರಿಗೆ ಓದೋಕಾಗಲ್ಲ. ಇದಕ್ಕೆ ಅಂತರರಾಷ್ಟ್ರೀಯ ಅಳತೆ ಇದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಇಂಥ ಲೆಕ್ಕದ ವಿಷಯ, ಕಾಗುಣಿತದ ತಪ್ಪು, ಒಂದು ಕಡೆ ಅಂಚು ಜಾಸ್ತಿ, ಇನ್ನೊಂದು ಕಡೆ ಕಡಿಮೆ, ಇಂಥದ್ದನ್ನೆಲ್ಲ ರಾತ್ರಿ ಎರಡು ಗಂಟೆಗೂ ಬೇಸರವಿಲ್ಲದೆ ನೋಡೋ ಸಹಾಯಕ ಸಿಕ್ಕರೆ ಬೇಡ ಅನ್ನೋದ್ಯಾಕೆ? ಊರಲ್ಲಿ ಡಿಸೈನ್ ಬಲ್ಲವರು ಒಬ್ಬರೂ ಇಲ್ಲದ ಹೆಣ್ಣುಮಗಳಿಗೆ ಇದು ದೊಡ್ಡ ಆಸರೆ.

ಹಾಗಾದರೆ ತಕರಾರು ಎಲ್ಲಿ? ತಕರಾರು ಇರೋದು, ತಪ್ಪು ತಿದ್ದೋದನ್ನೇ ನಾವು ವಿಮರ್ಶೆ ಅಂದುಕೊಳ್ಳೋದರಲ್ಲಿ.

ಡಿಸೈನ್ ಶಾಲೆಗಳಲ್ಲಿ ‘ಕ್ರಿಟ್’ ಅಂತ ಒಂದು ಪದ್ಧತಿ ಇದೆ. ಎಲ್ಲರ ಕೆಲಸವನ್ನೂ ಗೋಡೆಗೆ ಅಂಟಿಸ್ತಾರೆ. ಇಡೀ ತರಗತಿ ಮುಂದೆ ನಿಲ್ಲುತ್ತೆ. ಮೇಷ್ಟ್ರು ಮಾತಾಡ್ತಾರೆ, ಓರಗೆಯವರು ಮಾತಾಡ್ತಾರೆ, ಮಾಡಿದವನು ಉತ್ತರ ಕೊಡಬೇಕು. ಇದರಲ್ಲಿ ಮೂರು ಪಾಠ ಒಟ್ಟಿಗೆ ಆಗುತ್ತೆ. ಒಂದು, ನಿಮ್ಮ ತಪ್ಪು ನಿಮಗೆ ಗೊತ್ತಾಗುತ್ತೆ. ಎರಡು, ಪಕ್ಕದವನ ತಪ್ಪೂ ನಿಮಗೆ ಗೊತ್ತಾಗುತ್ತೆ. ನಲವತ್ತು ಜನರ ತರಗತಿಯಲ್ಲಿ ಒಂದು ತಪ್ಪು ನಿಮ್ಮದು, ಮೂವತ್ತೊಂಬತ್ತು ಪುಕ್ಕಟೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ನೀವೂ ಬೇರೆಯವರ ಕೆಲಸದ ಬಗ್ಗೆ ಮಾತಾಡಬೇಕು. ‘ಏನೋ ಸರಿ ಇಲ್ಲ’ ಅನ್ನಿಸಿದ್ದನ್ನ, ಯಾಕೆ ಸರಿ ಇಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿ ಹೇಳಿಯೇ ಕಣ್ಣು ಹದವಾಗೋದು. ಆಮೇಲೆ ಒಂದು ದಿನ, ನಿಮ್ಮ ಕೆಲಸವನ್ನೇ ಪರರ ಕೆಲಸ ಅನ್ನೋ ಹಾಗೆ ನೋಡೋಕೆ ಬರುತ್ತೆ. ಅದನ್ನೇ ಬೆಳವಣಿಗೆ ಅನ್ನೋದು.

ಈಗ ಅದೇ ಹುಡುಗ ರೂಮಿನ ಬಾಗಿಲು ಹಾಕಿಕೊಂಡು ಮೊಬೈಲಿಗೆ ತೋರಿಸ್ತಾನೆ. ಪೋಸ್ಟರ್ ಸುಧಾರಿಸಬಹುದು. ಪಕ್ಕದವನ ತಪ್ಪು ಕಾಣೋ ಅವಕಾಶ ಹೋಯಿತು. ತಾನೇ ವಿಮರ್ಶೆ ಮಾಡೋ ಸರದಿ ಬರಲೇ ಇಲ್ಲ. ಪೋಸ್ಟರ್ ಬೆಳೆಯಿತು, ಹುಡುಗ ಅಲ್ಲೇ ಉಳಿದ.

2025ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು, ಕೆಲಸದಲ್ಲಿ ಎಐ ಬಳಸೋ 319 ಜನರನ್ನ ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಎಐ ಮೇಲೆ ನಂಬಿಕೆ ಹೆಚ್ಚಿದ್ದವರು ತಾವು ವಿವೇಚನೆ ಮಾಡೋದು ಕಡಿಮೆ ಅಂದರು. ತಮ್ಮ ಮೇಲೆ ತಮಗೆ ನಂಬಿಕೆ ಇದ್ದವರು ಹೆಚ್ಚು ವಿವೇಚನೆ ಮಾಡ್ತಾ ಇದ್ದರು. ಅವರೇ ಹೇಳಿಕೊಂಡದ್ದು, ಹಾಗಾಗಿ ಇದನ್ನ ವೇದವಾಕ್ಯ ಮಾಡಬೇಕಾಗಿಲ್ಲ. ಆದರೆ ನಮ್ಮ ಅನುಭವಕ್ಕೂ ಇದು ತಾಳೆ ಆಗುತ್ತೆ. ಕಸುಬು ಬಲ್ಲವನಿಗೆ ಅದು ಉಪಕರಣ. ಕಲಿಯೋನಿಗೆ ಅದು ಊರುಗೋಲು. ಕಾಲು ಬಲಿಯೋ ವಯಸ್ಸಿನಲ್ಲೇ ಊರುಗೋಲು ಕೊಟ್ಟರೆ ಕಾಲು ಬಲಿಯೋದು ಯಾವಾಗ?

ಇನ್ನೊಂದು ಅಪಾಯ, ಎಲ್ಲವೂ ಒಂದೇ ಥರ ಆಗೋದು. 2024ರಲ್ಲಿ ಅನಿಲ್ ದೋಶಿ, ಆಲಿವರ್ ಹೌಸರ್ ಅನ್ನೋ ಬ್ರಿಟನ್ನಿನ ಇಬ್ಬರು ಸಂಶೋಧಕರು ಸುಮಾರು 300 ಜನರಿಂದ ಪುಟ್ಟ ಪುಟ್ಟ ಕಥೆ ಬರೆಸಿದರು. ಕೆಲವರಿಗೆ ಎಐ ಕೊಟ್ಟ ಐಡಿಯಾ ಸಿಗ್ತಿತ್ತು, ಕೆಲವರಿಗೆ ಇಲ್ಲ. ಐಡಿಯಾ ಸಿಕ್ಕವರ ಕಥೆಗಳನ್ನ ಓದುಗರು ಹೆಚ್ಚು ಮೆಚ್ಚಿದರು. ಅದರಲ್ಲೂ ಸೃಜನಶೀಲತೆ ಕಡಿಮೆ ಇದ್ದವರಿಗೆ ಹೆಚ್ಚು ಲಾಭ ಆಯಿತು. ಒಳ್ಳೇದೇ ಅಲ್ವಾ? ಆದರೆ ಎಲ್ಲಾ ಕಥೆಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ, ಎಐ ಸಹಾಯ ಪಡೆದ ಕಥೆಗಳು ಒಂದಕ್ಕೊಂದು ಹೆಚ್ಚು ಹೋಲುತ್ತಿದ್ದವು. ಒಬ್ಬೊಬ್ಬರಿಗೂ ಲಾಭ, ಊರಿಗೆ ನಷ್ಟ.

ಇದನ್ನ ನಮ್ಮ ನೆಲಕ್ಕೆ ತಂದು ನೋಡಿ. ಕರಾವಳಿಯ ಯಕ್ಷಗಾನದ ಕರಪತ್ರ ನೋಡಿದ್ದೀರಲ್ಲ? ಕಾಲಿಡೋಕೆ ಜಾಗ ಇಲ್ಲದ ಹಾಗೆ ತುಂಬಿಸಿರ್ತಾರೆ. ಮೇಳದ ಹೆಸರು, ಪ್ರಸಂಗ, ಭಾಗವತರು, ಚೆಂಡೆ, ಮದ್ದಳೆ, ಸ್ತ್ರೀವೇಷ, ಹಾಸ್ಯ, ಎಲ್ಲಾ ಹೆಸರು. ಇದನ್ನ ಎಐಗೆ ತೋರಿಸಿದೆ. ತುಂಬಾ ಗಿಜಿಗಿಜಿ ಅಂತಿದೆ, ಪಠ್ಯ ಕಡಿಮೆ ಮಾಡಿ, ಖಾಲಿ ಜಾಗ ಬಿಡಿ ಅಂತು. ಪುಸ್ತಕದ ಪ್ರಕಾರ ಸರಿ. ಆದರೆ ಯಕ್ಷಗಾನದ ಅಭಿಮಾನಿ ಆ ಕಾಗದ ಕೈಗೆ ತಗೊಳ್ಳೋದೇ ಇವತ್ತಿನ ಭಾಗವತರು ಯಾರು, ಯಾವ ವೇಷ ಯಾರದ್ದು ಅಂತ ನೋಡೋಕೆ. ಹೆಸರು ತೆಗೆದು ಖಾಲಿ ಜಾಗ ಬಿಟ್ಟರೆ ಆ ಖಾಲಿ ಜಾಗ ನೋಡೋಕೆ ಅವನು ರಾತ್ರಿಯೆಲ್ಲಾ ನಿದ್ದೆಗೆಟ್ಟು ಬರ್ತಾನಾ? ಹೊರಗಿನ ಕಣ್ಣಿಗೆ ಗಿಜಿಗಿಜಿ ಅನ್ನಿಸೋದು ಒಳಗಿನವನಿಗೆ ಮಾಹಿತಿ.

ಒತ್ತಕ್ಷರದ ಕಥೆಯೂ ಅದೇ. ಇಂಗ್ಲಿಷಿನಲ್ಲಿ ಸಾಲು ಹತ್ತಿರ ಮಾಡಿದರೆ ಶೀರ್ಷಿಕೆ ಗಟ್ಟಿಯಾಗಿ ಕಾಣುತ್ತೆ. ಕನ್ನಡದಲ್ಲಿ ಸಾಲಿನ ಕೆಳಗೆ ಇನ್ನೊಂದು ಲೋಕ ಇದೆ. ‘ರಾಷ್ಟ್ರ’ ಅಂತ ಬರೆದು ನೋಡಿ, ಒಂದು ಷ ಕೆಳಗೆ ಎಷ್ಟು ಜನ ಜೋತುಬಿದ್ದಿದ್ದಾರೆ ಅಂತ. ಅವರಿಗೆ ಜಾಗ ಬಿಡಬೇಕು. ಹೆಚ್ಚಾಗಿ ಇಂಗ್ಲಿಷನ್ನೇ ಉಂಡು ಬೆಳೆದ ಯಂತ್ರಕ್ಕೆ ಇದು ತಾನಾಗಿ ಹೊಳೆಯಲ್ಲ. ನಾವು ಕೇಳಿದರೆ ಹೌದು ಅನ್ನುತ್ತೆ. ಆದರೆ ಕೇಳಬೇಕು ಅಂತ ನಮಗೆ ಗೊತ್ತಿರಬೇಕಲ್ಲ?

1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅನ್ನೋ ಅಮೆರಿಕದ ಡಿಸೈನರ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯ ಹಿನ್ನೆಲೆಯಲ್ಲಿ. ಇಡೀ ದೇಶ ಸುತ್ತಿದ ಆ ದಂಪತಿ ಅತ್ಯಂತ ಮೆಚ್ಚಿದ ವಸ್ತು ಯಾವುದು ಗೊತ್ತಾ? ನಮ್ಮ ಮನೆಮನೆಯ ಚೊಂಬು. ತಲೆ ಮೇಲೆ ಹೊತ್ತರೆ ಹೇಗೆ, ಸೊಂಟದ ಮೇಲೆ ಇಟ್ಟರೆ ಹೇಗೆ, ತುಂಬಿದಾಗ ತೂಕ ಹೇಗೆ, ಬಗ್ಗಿಸಿದರೆ ನೀರು ಹೇಗೆ ಬೀಳುತ್ತೆ ಅಂತ ಪ್ರಶ್ನೆ ಮೇಲೆ ಪ್ರಶ್ನೆ ಎತ್ತಿದರು. ಇದನ್ನ ಒಬ್ಬ ಮನುಷ್ಯ ವಿನ್ಯಾಸ ಮಾಡೋಕೆ ಸಾಧ್ಯವಿಲ್ಲ, ತಲೆತಲಾಂತರದ ಅನೇಕರ ಕೆಲಸ ಅನ್ನೋದು ಅವರ ತೀರ್ಮಾನ. ಯೋಚನೆ ಮಾಡಿ, ಎಷ್ಟು ಜನ ಹೆಂಗಸರು ‘ಇದರ ಕಂಠ ಕೈಗೆ ಕೂರಲ್ಲ’ ಅಂತ ಕಂಚುಗಾರನಿಗೆ ಹೇಳಿರಬೇಕು! ಅವರಿಗೆ ಯಾವ ಡಿಗ್ರಿಯೂ ಇರಲಿಲ್ಲ. ನೀರು ಹೊತ್ತ ಸೊಂಟ ಇತ್ತು. ವಿಮರ್ಶೆ ಬರೋದು ಅಲ್ಲಿಂದ.

ನಮ್ಮ ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ನಿಮಗೆಲ್ಲ ಗೊತ್ತು. ಐತಿಹ್ಯವೇ ಇರಬಹುದು, ಆದರೂ ಕೇಳಿ. ಜಕಣಾಚಾರಿ ಮಹಾಶಿಲ್ಪಿ. ಅವನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂತ ಎಲ್ಲಿಂದಲೋ ಬಂದ ಒಬ್ಬ ಹುಡುಗ ಹೇಳ್ತಾನೆ. ದೋಷ ಇದ್ದರೆ ಕೈ ಕತ್ತರಿಸಿಕೊಳ್ತೀನಿ ಅಂತಾನೆ ಜಕಣಾಚಾರಿ. ವಿಗ್ರಹಕ್ಕೆಲ್ಲ ಗಂಧ ಹಚ್ಚುತ್ತಾರೆ. ಎಲ್ಲಾ ಕಡೆ ಒಣಗುತ್ತೆ, ಹೊಕ್ಕುಳ ಹತ್ತಿರ ಮಾತ್ರ ಒಣಗಲ್ಲ. ಅಲ್ಲಿ ಉಳಿ ಇಟ್ಟರೆ ಒಳಗಿಂದ ಕಪ್ಪೆ. ಆ ಹುಡುಗ ಬೇರೆ ಯಾರೂ ಅಲ್ಲ, ಅವನ ಮಗ ಡಂಕಣ.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಕಪ್ಪೆ ಅಲ್ಲ. ಆ ಹುಡುಗ ಕಲ್ಲನ್ನ ಬಲ್ಲವನಾಗಿದ್ದ. ಮಹಾಶಿಲ್ಪಿಯ ಎದುರು ಹೇಳೋ ಧೈರ್ಯ ಇತ್ತು. ಬರೀ ಹೇಳಲಿಲ್ಲ, ಪರೀಕ್ಷೆಗೆ ಒಡ್ಡಿದ. ಮತ್ತೆ ಹೇಳಿದ ಮಾತಿಗೆ ಜಕಣಾಚಾರಿ ಬೆಲೆ ತೆತ್ತ. ಯಂತ್ರ ಬೆಲೆ ತೆರಲ್ಲ. ಒಂಬತ್ತು ಕೊಟ್ಟರೂ ಅದಕ್ಕೆ ನಷ್ಟ ಇಲ್ಲ, ಐದೂವರೆ ಕೊಟ್ಟರೂ ನಷ್ಟ ಇಲ್ಲ. ನಮ್ಮ ಕ್ಯಾಮೆರಾಮನ್‌ಗೆ ನಷ್ಟ ಇತ್ತು. ನಾಳೆ ಅದೇ ಊರಿಗೆ ಹೋದರೆ ಆ ತಾಯಿಯ ಮುಖ ನೋಡಬೇಕಾದವನು ಅವನು.

ಹಾಗಾದರೆ ಮಕ್ಕಳು ಏನು ಮಾಡಬೇಕು? ನಾನು ಮತ್ತು ಆ ಹುಡುಗ ಕೂತು ಕೆಲವು ನಿಯಮ ಮಾಡಿಕೊಂಡಿದ್ದೀವಿ. ನಿಮಗೂ ಉಪಯೋಗಕ್ಕೆ ಬರಬಹುದು.

ಎಐಗೆ ತೋರಿಸೋ ಮುಂಚೆ ನಿಮ್ಮ ಕೆಲಸದಲ್ಲಿ ನಿಮಗೆ ಕಾಣೋ ಮೂರು ದೋಷ ಕಾಗದದ ಮೇಲೆ ಬರೀರಿ. ಆಮೇಲೆ ಕೇಳಿ. ಆಗ ನಿಮ್ಮ ಕಣ್ಣಿಗೂ ವ್ಯಾಯಾಮ, ಅದರ ಉತ್ತರಕ್ಕೂ ಒಂದು ತಕ್ಕಡಿ. ಇದು ನನ್ನದು, ನನಗೆ ಇಷ್ಟ ಅಂತ ಹೇಳಬೇಡಿ. ಅಂಕ ಕೇಳಲೇಬೇಡಿ. ಹೇಗಿದೆ ಅಂತ ಕೇಳೋ ಬದಲು ಖಚಿತವಾಗಿ ಕೇಳಿ: ಹತ್ತು ಅಡಿ ದೂರದಿಂದ ಟಿವಿ ನೋಡೋ ಅರವತ್ತು ವರ್ಷದವರಿಗೆ ಇದರಲ್ಲಿ ಯಾವ ಅಕ್ಷರ ಓದೋಕೆ ಕಷ್ಟ? ಅದು ಹತ್ತು ಸಲಹೆ ಕೊಟ್ಟರೆ ಹತ್ತನ್ನೂ ಒಪ್ಪಬೇಡಿ. ಒಪ್ಪದೇ ಇದ್ದದ್ದಕ್ಕೆ ಕಾರಣ ಒಂದೊಂದು ಸಾಲಿನಲ್ಲಿ ಬರೆದಿಡಿ. ನಿಮ್ಮ ಶೈಲಿ ಅಂತ ಏನಾದರೂ ಇದ್ದರೆ ಅದು ಆ ಸಾಲುಗಳಲ್ಲಿ ಸಿಗುತ್ತೆ. ಕೊನೆಗೆ, ಕನಿಷ್ಠ ಇಬ್ಬರು ಮನುಷ್ಯರಿಗೆ ತೋರಿಸಿ. ಒಬ್ಬರು ಕಸುಬು ಬಲ್ಲವರು. ಇನ್ನೊಬ್ಬರು ಅದನ್ನ ಬಳಸೋರು, ಅಥವಾ ಅದರಿಂದ ನೋವಾಗಬಹುದಾದವರು.

ಹಿರಿಯರಿಗೂ ಒಂದು ನಿಯಮ ಇದೆ, ಇದು ನನಗೆ ನಾನೇ ಹಾಕಿಕೊಂಡದ್ದು. ಯಾರಾದರೂ ಕೆಲಸ ತಂದು ತೋರಿಸಿದರೆ ನಗಬಾರದು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎರಡೂ ಮಾತು ಬೇಡ. ಎಲ್ಲಿ ಏನಾಗ್ತಿದೆ, ಅದರಿಂದ ನೋಡೋನಿಗೆ ಏನಾಗುತ್ತೆ, ಅಷ್ಟು ಹೇಳಬೇಕು. ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ ನಿರ್ದೇಶಕರು ಒಬ್ಬರ ಸಿನಿಮಾ ಒಬ್ಬರು ನೋಡಿ ಮುಚ್ಚುಮರೆ ಇಲ್ಲದೆ ಹೇಳೋ ಸಭೆ ನಡೆಸ್ತಾರೆ. ಅಲ್ಲಿ ಒಂದು ಕಟ್ಟಳೆ: ಸಭೆ ದೋಷ ತೋರಿಸಬಹುದು, ಹೀಗೇ ಮಾಡು ಅಂತ ಅಪ್ಪಣೆ ಕೊಡೋ ಹಾಗಿಲ್ಲ. ಸರಿಮಾಡೋ ಹೊಣೆ ಮಾಡಿದವನದ್ದೇ. ಇದು ನಮಗೂ ಬೇಕು.

ಈಗ ನಮ್ಮ ಗ್ರಾಫಿಕ್ಸ್ ರೂಮಿನ ಗೋಡೆಗೆ ಒಂದು ಸಾಫ್ಟ್‌ಬೋರ್ಡ್ ಬಂದಿದೆ. ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ವಾರದ ಕೆಲಸ ಎಲ್ಲಾ ಅದರ ಮೇಲೆ. ಕ್ಯಾಮೆರಾಮನ್‌ಗಳು ಬರ್ತಾರೆ, ಡೆಸ್ಕಿನವರು ಬರ್ತಾರೆ, ಕ್ಯಾಂಟೀನಿನ ಅಣ್ಣನೂ ಟೀ ಕೊಡೋಕೆ ಬಂದವನು ನಿಂತು ನೋಡ್ತಾನೆ. ಮೊದಲ ವಾರ ಎಲ್ಲರೂ ಮುಖ ಮುಖ ನೋಡಿಕೊಂಡರು. ಮೂರನೇ ವಾರ ಬಾಯಿ ಬಿಟ್ಟರು. ಹೋದ ಶುಕ್ರವಾರ ಆ ಹುಡುಗ ನನ್ನನ್ನೇ ನಿಲ್ಲಿಸಿದ. ‘ಸರ್, ಒಂದು ಮಾತು ಹೇಳ್ಲಾ? ನಿಮ್ಮ ಕಾರ್ಯಕ್ರಮದ ಹೆಸರಲ್ಲಿ ನಿಮ್ಮ ಹೆಸರೇ ದೊಡ್ಡದಾಗಿದೆ. ವಿಷಯ ಚಿಕ್ಕದಾಗಿದೆ’ ಅಂದ.

ನನಗೆ ಕೋಪ ಬಂತು. ಸುಳ್ಳು ಹೇಳಲ್ಲ, ಬಂತು. ಮನೆಗೆ ಹೋಗಿ ಟಿವಿ ಹಾಕಿ ನೋಡಿದೆ. ಅವನು ಹೇಳಿದ್ದು ನಿಜ. ಈ ವಾರದಿಂದ ಆ ಅಕ್ಷರ ಚಿಕ್ಕದಾಗಿದೆ, ನೀವು ಗಮನಿಸಿರಬಹುದು.

ನಿಮ್ಮ ಮನೆಯಲ್ಲಿ ಮಗು ಇವತ್ತು ಒಂದು ಚಿತ್ರ ತಂದು ತೋರಿಸಿದರೆ, ಮೊಬೈಲ್ ಪಕ್ಕಕ್ಕಿಟ್ಟು ಎರಡು ನಿಮಿಷ ನೋಡಿ.